ಎರಡು ಸೊನ್ನೆಗಳ ನಡುವೆ

ಗಾಳಿ ಮೇಡಂ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಾಗ ನಾನು ಅತ್ತಿಗೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ನನ್ನ ಡ್ರೈವಿಂಗ್ ಸ್ಕೂಲಿನ ಶಿಷ್ಯನೊಬ್ಬ ಕಾರನ್ನು ಹಿಂದಕ್ಕೆ ತೆಗೆಯಲು ಹೋಗಿ ಅವರ ಹೂಕುಂಡಗಳ ಸಾಲನ್ನೇ ಪುಡಿ ಮಾಡಿದ್ದ.

"ಅವನು ಕಲಿಯೋನು, ಒಡೆದ. ಪಕ್ಕದಲ್ಲಿ ಕೂತ ಗುರುಗಳು ಏನು ಮಾಡ್ತಿದ್ರು ಅಂತ ಕೇಳ್ತಿದ್ದೀನಿ, ಮೈದುನರೇ" ಎಂದರು ಅತ್ತಿಗೆ. ಅವರು ನನ್ನನ್ನು ಬಹುವಚನದಲ್ಲಿ ಕರೆದರೆ ನನಗೆ ಆ ದಿನ ಕಷ್ಟ ಕಾದಿದೆ ಎಂದೇ ಅರ್ಥ. ಬಾಗಿಲಲ್ಲಿ ಆ ಹೆಂಗಸು ಬಂದು ನಿಂತದ್ದು ನನ್ನ ಪುಣ್ಯ.

ಅಣ್ಣ ಹಡಗಿನಲ್ಲಿ ಕೆಲಸ ಮಾಡುವವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆಯೇ ಇರುತ್ತಾನೆ. ಮೇಲಿನ ಮನೆಯಲ್ಲಿ ಅತ್ತಿಗೆ, ಕೆಳಗಿನ ಎರಡು ಕೋಣೆಗಳಲ್ಲಿ ನಾನು ಮತ್ತು ನನ್ನ ಡ್ರೈವಿಂಗ್ ಸ್ಕೂಲು. ಅತ್ತಿಗೆ ನಿವೃತ್ತಿಯಾಗುವವರೆಗೂ ವಿಮಾ ಕಂಪನಿಯಲ್ಲಿ ನಷ್ಟ ಪರಿಶೀಲಿಸುವ ಕೆಲಸದಲ್ಲಿದ್ದರು. ಸುಟ್ಟ ಅಂಗಡಿಯ ಮುಂದೆ ನಿಂತು, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ಹೇಳುವುದರಲ್ಲಿ ಅವರದು ಎತ್ತಿದ ಕೈ. ಈಗ ಊರಿನವರಿಗೆ ಏನೇ ತಲೆನೋವು ಬಂದರೂ ಇವರ ಮನೆಯ ಕರೆಗಂಟೆಯನ್ನೇ ಒತ್ತುತ್ತಾರೆ.

ಬಂದವಳು ನಗರ ಯೋಜನಾ ಕಚೇರಿಯ ಅಧಿಕಾರಿ. ಯಾವ ಬೀದಿಯ ಗಾಳಿ ಎಷ್ಟು ಕೆಟ್ಟಿದೆ, ಅಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡಬಹುದೇ ಬೇಡವೇ ಎಂದು ವರದಿ ಬರೆಯುವುದು ಅವಳ ಕೆಲಸ. 'ಗಾಳಿ ಮೇಡಂ' ಎಂಬುದು ಶಾಲೆ ಬೀದಿಯ ಮಕ್ಕಳು ಇಟ್ಟ ಹೆಸರು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಇವತ್ತು ಸಂಜೆಯೊಳಗೆ ನನ್ನ ಕೆಲಸ ಹೋಗುತ್ತೆ. ಅದು ಹೋದ್ರೆ ಹೋಗ್ಲಿ, ಇನ್ನೊಂದು ಹುಡುಕ್ಕೋತೀನಿ. ಆದ್ರೆ ಆ ಬೀದಿ ಲಾರಿಗಳ ಪಾಲಾಗುತ್ತೆ. ಅದಕ್ಕೇ ಬಂದೆ" ಎಂದಳು.

ಅತ್ತಿಗೆ ಕುರ್ಚಿ ಎಳೆದು ಕೂರಿಸಿದರು. "ಮೊದಲು ನೀರು ಕುಡಿಯಮ್ಮ. ಆಮೇಲೆ ಮೊದಲಿಂದ ಹೇಳು."

ಅವಳು ಹೇಳಿದ್ದು ಹೀಗೆ. ಶಾಲೆ ಬೀದಿಯ ತುದಿಯ ಖಾಲಿ ಜಾಗದಲ್ಲಿ ದೊಡ್ಡ ಪಾರ್ಸೆಲ್ ಗೋದಾಮು ಕಟ್ಟಲು ಒಬ್ಬ ಯಜಮಾನ ಅರ್ಜಿ ಹಾಕಿದ್ದ. ಗೋದಾಮು ಬಂದರೆ ಹಗಲಿಡೀ ಲಾರಿಗಳು ಶಾಲೆಯ ಗೇಟಿನ ಮುಂದೆಯೇ ಓಡಾಡಬೇಕು. ಆದರೆ ನಗರ ಯೋಜನೆಯಲ್ಲಿ ಒಂದು ನಿಯಮವಿದೆ. ಒಂದು ವರ್ಷದ ಸರಾಸರಿಯಲ್ಲಿ ವಾಹನಗಳ ಹೊಗೆಯ ಅನಿಲ ಮಿತಿ ಮೀರಿದರೆ ಅದು ಸಂರಕ್ಷಿತ ಬೀದಿಯಾಗುತ್ತದೆ. ಅಲ್ಲಿ ಲಾರಿಗಳನ್ನು ಸೆಳೆಯುವ ಯಾವ ಕಟ್ಟಡಕ್ಕೂ ಅನುಮತಿ ಇಲ್ಲ. ಶಾಲೆಯ ಗೋಡೆಗೆ ಒತ್ತಿಕೊಂಡಂತೆ ನಿಂತಿರುವ ಅಳತೆಯ ಯಂತ್ರ ವರ್ಷವಿಡೀ ಗಾಳಿಯನ್ನು ಎಳೆದು ಅಳೆದಿತ್ತು. ಸರಾಸರಿ ಮಿತಿ ಮೀರಿತ್ತು. ವರದಿ ಸಿದ್ಧವಿತ್ತು.

"ನಿನ್ನೆ ಎಲ್ಲ ತಲೆಕೆಳಗಾಯ್ತು. ಕೊನೇ ತಿಂಗಳ ಕೆಲವು ಬೆಳಗಿನ ಜಾವ ಅಂಕಿ ಇದ್ದಕ್ಕಿದ್ದ ಹಾಗೆ ಆಕಾಶಕ್ಕೆ ಹಾರಿದೆ. ಇದು ಸಹಜ ಅಲ್ಲ, ಯಂತ್ರದ ಗೂಡಿನ ಮೇಲೆ ಹತ್ತಿ ನೋಡಿ ಅಂತ ದೊಡ್ಡ ಸಾಹೇಬ್ರು ಕಟ್ಟಡಗಳಿಗೆ ಅನುಮತಿ ಕೊಡೋ ಸಮಿತಿ ಅಧ್ಯಕ್ಷೆಗೆ ಹೇಳಿದ್ರು. ಹತ್ತಿ ನೋಡಿದ್ರೆ ಗಾಳಿ ಎಳೆಯೋ ಕೊಳವೆ ಪಕ್ಕ ಒಂದು ಬಿಸ್ಕತ್ತಿನ ಡಬ್ಬ, ಅದರೊಳಗೆ ಸುಟ್ಟ ಎಣ್ಣೆ ಬಟ್ಟೆ. ಯಾರೋ ಹೊಗೆ ಹಾಕಿ ಅಂಕಿ ಏರಿಸಿದಾರೆ!"

"ದೊಡ್ಡ ಸಾಹೇಬ್ರು ಯಾರು?"

"ನನಗಿಂತ ಮುಂಚೆ ನನ್ನ ಕುರ್ಚೀಲಿ ಇದ್ದವರು. ಈ ಊರಿನ ನಕ್ಷೆ ಬರೆದವರು, ಆ ಯಂತ್ರ ತಂದು ನಿಲ್ಲಿಸಿದವರು. ಗಾಳಿಯ ನಿಯಮಗಳನ್ನೂ ಅವರೇ ಬರೆದದ್ದು. ನನಗೆ ಕೆಲಸ ಕಲಿಸಿದ್ದೂ ಅವರೇ. ಈಗ ನಿವೃತ್ತಿಯಾಗಿ ಗೋದಾಮಿನವರಿಗೆ ಸಲಹೆ ಕೊಡ್ತಾರೆ." ಅವಳ ದನಿ ಸಣ್ಣದಾಯಿತು. "ಅಳತೇಲಿ ಕೈವಾಡ ಸಾಬೀತಾಗಿ, ಸುಳ್ಳು ಅಂಕಿ ಬೇರ್ಪಡಿಸೋಕೆ ಆಗದಿದ್ರೆ ಇಡೀ ವರ್ಷದ ಅಂಕಿ ರದ್ದು ಅಂತ ನಿಯಮ ಇದೆ. ಆಗ ಅವರು ಲೆಕ್ಕ ಹಾಕಿ ಕೊಟ್ಟ ಅಂದಾಜೇ ಗತಿ. ಅದರ ಪ್ರಕಾರ ಗಾಳಿ ಮಿತಿಯೊಳಗಿದೆ. ಡಬ್ಬ ಶಾಲೆಯದು, ಗೂಡಿನ ಬೀಗದ ಕೈ ನನ್ನದು. ನಾನೂ ಹೆಡ್‌ಮಿಸ್ಸೂ ಸೇರಿ ಮಾಡಿದ್ವಿ ಅಂತ ಎಲ್ಲರೂ ಆಗಲೇ ಮಾತಾಡ್ತಿದಾರೆ. ಇವತ್ತು ಸಂಜೆ ಸಮಿತಿ ತೀರ್ಮಾನ ಮಾಡುತ್ತೆ."

ಅತ್ತಿಗೆ ಎದ್ದು ಚಪ್ಪಲಿ ಹಾಕಿಕೊಂಡರು. ಹೂಕುಂಡದ ವಿಚಾರಣೆ ಮುಂದಕ್ಕೆ ಹೋಯಿತು.

ಕಾರಿನಲ್ಲಿ ಕೂತು ಅವರಿಬ್ಬರಿಗಾಗಿ ಬಾಗಿಲು ತೆರೆದೆ. ಇನ್ನೂ ಕೀಲಿ ಹಾಕಿರಲಿಲ್ಲ, ಆದರೂ ಕೈ ಮೇಲಕ್ಕೆ ಹೋಗಿ ಕನ್ನಡಿ ಸರಿಮಾಡಿತು. ಅತ್ತಿಗೆ ನಕ್ಕರು. "ಮೊನ್ನೆ ಅಂಗಡೀಲಿ ಸುಮ್ಮನೆ ನೋಡೋಕೆ ಅಂತ ಹೊಸ ಕಾರಲ್ಲಿ ಕೂತಾಗಲೂ ಇದನ್ನೇ ಮಾಡಿದೆ. ಚಕ್ರವೇ ಇಲ್ಲದ ಗಾಡಿ ಕೊಟ್ರೂ ಕನ್ನಡಿ ಮುಟ್ತೀಯ."

"ಕೈ ತಾನಾಗಿ ಹೋಗುತ್ತೆ ಅತ್ತಿಗೆ, ನಾನೇನು ಮಾಡ್ಲಿ?" ಎಂದೆ.

ಶಾಲೆ ಬೀದಿ ಕಿರಿದು, ಎರಡೂ ಕಡೆ ಎತ್ತರದ ಮನೆಗಳು. ಹೊಗೆ ಬಂದರೆ ಹೊರಗೆ ಹೋಗಲು ದಾರಿಯಿಲ್ಲ. ನನಗೆ ಮೊದಲಿನಿಂದಲೂ ಉಬ್ಬಸ. ಕಾರಿನಿಂದ ಇಳಿದ ಸ್ವಲ್ಪ ಹೊತ್ತಿಗೇ ಎದೆ ಬಿಗಿಯಿತು, ಜೇಬಿನಿಂದ ಇನ್ಹೇಲರ್ ತೆಗೆದೆ. ಇಲ್ಲಿ ಇನ್ನೂ ಗೋದಾಮು ಬಂದಿಲ್ಲ ಎಂದು ನೆನೆದಾಗ ಸಿಟ್ಟೇ ಬಂತು.

ಗೂಡು ಎಂದರೆ ಬೀರುವಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದರ ತಲೆಯ ಮೇಲೆ ಎರಡು ಕೊಳವೆಗಳು ಟೋಪಿ ಹಾಕಿಕೊಂಡು ನಿಂತಿದ್ದವು. ಅದನ್ನು ನೋಡಿಕೊಳ್ಳುವ ತಂತ್ರಜ್ಞ ಬೀಗ ತೆಗೆಯುತ್ತಿದ್ದ. ಆಫೀಸಿನಲ್ಲಿ ಎಲ್ಲರೂ ಅವನನ್ನು ಮೀಟರ್ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಬೀಗ ತುಕ್ಕು ಹಿಡಿದ ಹಳೆಯ ಹಿತ್ತಾಳೆ ಬೀಗ, ನಾಲ್ಕು ಸಲ ತಿರುಗಿಸಿದ ಮೇಲೆ ಒಲಿಯಿತು.

"ಬೀಗ ಎಷ್ಟು ಹಳೇದಪ್ಪ?" ಅತ್ತಿಗೆ ಕೇಳಿದರು.

"ಗೂಡಿನ ಜತೆಗೇ ಹುಟ್ಟಿದ್ದು ಮೇಡಂ. ಬದಲಾಯಿಸಿ ಅಂತ ಹೇಳಿ ಹೇಳಿ ನನಗೇ ಬೇಜಾರಾಯ್ತು."

ಏಣಿ ಹತ್ತುವ ಕೆಲಸ ನನ್ನ ಪಾಲಿಗೆ ಬಂತು. ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಡಬ್ಬ ಅಲ್ಲೇ ಇತ್ತು. ಯಾರೂ ಮುಟ್ಟಬಾರದೆಂದು ಅಧ್ಯಕ್ಷೆ ಹೇಳಿದ್ದರಂತೆ. ಒಳಗೆ ಕರಿ ಹಿಡಿದ ಬಟ್ಟೆ.

"ಟೋಪಿಗಳ ಒಳಭಾಗ ಮುಟ್ಟಿ ನೋಡು" ಎಂದು ಕೆಳಗಿನಿಂದ ಅತ್ತಿಗೆ ಕೂಗಿದರು.

ಮುಟ್ಟಿದೆ. ಬೆರಳಿಗೆ ಬೂದುಬಣ್ಣದ ಬೀದಿ ಧೂಳು ಹತ್ತಿತು, ಅಷ್ಟೆ. ಮಸಿ ಇರಲಿಲ್ಲ. ಮೂಗಿಟ್ಟು ನೋಡಿದೆ, ಸುಟ್ಟ ವಾಸನೆಯೂ ಇರಲಿಲ್ಲ. ಹೊಗೆಯ ವಿಷಯದಲ್ಲಿ ನನ್ನ ಎದೆ ಸುಳ್ಳು ಹೇಳುವುದಿಲ್ಲ.

ಗಾಳಿ ಮೇಡಂ ಅಧ್ಯಕ್ಷೆಗೆ ಫೋನ್ ಮಾಡಿ ಒಪ್ಪಿಗೆ ಪಡೆದ ಮೇಲೆ ಡಬ್ಬವನ್ನು ಕೆಳಗೆ ತಂದುಕೊಟ್ಟೆ. ಅತ್ತಿಗೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೊರಮೈಯಲ್ಲಿ ಬಣ್ಣದ ಚಿತ್ರ: ಹಾಲಿನ ಲೋಟ ಹಿಡಿದ ಮಗು. ಮಗುವಿನ ಕೆನ್ನೆ ಹೊಸದರಂತೆ ಹೊಳೆಯುತ್ತಿತ್ತು. ಅತ್ತಿಗೆ ಕೆಳತುಟಿಯನ್ನು ಒಮ್ಮೆ ಕಚ್ಚಿಕೊಂಡರು.

"ಈ ಯಂತ್ರ ಏನೇನು ಅಳೆಯುತ್ತೆ?"

"ಎರಡು ಮೇಡಂ. ಒಂದು ಕೊಳವೆ ಧೂಳು ಮಸಿ ಅಳೆಯುತ್ತೆ. ಇನ್ನೊಂದು ವಾಹನದ ಹೊಗೇಲಿರೋ ಅನಿಲ ಅಳೆಯುತ್ತೆ" ಎಂದು ಮೀಟರ್ ಹೇಳಿದ.

"ಅಂಕಿ ಹಾರಿದ್ದು?"

"ಅನಿಲದ್ದು."

"ಧೂಳಿಂದು?"

ಅವನು ತಲೆ ಕೆರೆದುಕೊಂಡ. "ಅದು... ಎಂದಿನ ಹಾಗೇ ಇದೆ. ನಾವು ಗಮನಿಸಿರ್ಲಿಲ್ಲ."

ಅತ್ತಿಗೆ ಗೂಡಿನೊಳಗಿನ ಸಣ್ಣ ಪರದೆಯತ್ತ ಬಾಗಿದರು. "ಕಚೇರಿಗೆ ಬರೋದು ಗಂಟೆಗಂಟೆಯ ಸರಾಸರಿ ಅಲ್ವಾ? ನನಗೆ ನಿಮಿಷನಿಮಿಷದ್ದು ತೋರಿಸು."

ಪರದೆಯ ಮೇಲೆ ಗೆರೆಯೊಂದು ಮೂಡಿತು. ಬೀದಿಯ ಗಾಳಿಯ ಗೆರೆ ಒಂದೇ ಸಮ ನಡುಗುತ್ತಿತ್ತು, ಮೇಲೆ ಕೆಳಗೆ, ಮೇಲೆ ಕೆಳಗೆ. ಅಂಕಿ ಹಾರಿದ ಬೆಳಗಿಗೆ ಬಂದಾಗ ಅದರ ರೂಪವೇ ಬೇರೆಯಾಯಿತು. ಮೊದಲು ಗೆರೆ ನೆಲಕ್ಕಿಳಿದು ಸೊನ್ನೆಯಲ್ಲಿ ಸ್ವಲ್ಪ ಹೊತ್ತು ಮಲಗಿತು. ಆಮೇಲೆ ನೆಟ್ಟಗೆ ಏರಿ, ಮೇಜಿನ ಹಲಗೆಯಂತೆ ಸಪಾಟಾಗಿ ಹೋಯಿತು. ಮತ್ತೆ ಕುಸಿದು ಸೊನ್ನೆಯಲ್ಲಿ ಮಲಗಿತು. ಅನಂತರ ಎಂದಿನ ನಡುಕ. ಬೇರೆ ಬೆಳಗುಗಳನ್ನು ನೋಡಿದೆವು. ಎಲ್ಲ ಕಡೆಯೂ ಅದೇ ಹಳ್ಳ, ಅದೇ ಮೇಜು, ಅದೇ ಹಳ್ಳ.

ಮೀಟರ್‌ನ ಮುಖ ಹುಳ್ಳಗಾಯಿತು. "ಮೇಡಂ, ಇದು... ಇದು ನಾನು ಯಂತ್ರ ಪರೀಕ್ಷೆ ಮಾಡಿದಾಗ ಬರೋ ಥರ ಇದೆ. ಆದ್ರೆ ನನ್ನಾಣೆ, ನಾನಲ್ಲ!"

"ಪರೀಕ್ಷೆ ಹೇಗೆ ಮಾಡ್ತೀಯ?"

ಅವನು ವಿವರಿಸಿದ. ಗೂಡಿನ ಮೂಲೆಯಲ್ಲಿ ಸಣ್ಣ ಸಿಲಿಂಡರ್ ಇತ್ತು. ಅದರಲ್ಲಿ ಇಷ್ಟೇ ಎಂದು ಗೊತ್ತಿರುವ ಪ್ರಮಾಣದ ಅನಿಲ. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು ಮೊದಲು ಶುದ್ಧ ಮಾಡಿದ ಗಾಳಿ ಊಡಿಸಬೇಕು, ಸೊನ್ನೆ ಬರಬೇಕು. ಆಮೇಲೆ ಸಿಲಿಂಡರಿನ ಅನಿಲ ಊಡಿಸಬೇಕು, ಗೊತ್ತಿರುವ ಅಂಕಿ ಬರಬೇಕು. "ಅಷ್ಟಾದ್ರೆ ಮುಗೀತು, ಕೊಳವೆ ಕಳಚಿ ಬೀದಿ ಗಾಳಿಗೆ ಬಿಟ್ಟುಬಿಡ್ತೀನಿ. ಯಂತ್ರದ ಕಂಪನಿಯವರು ಹಾಗೇ ಕಲಿಸಿದ್ದು. ಈ ಸಲ ಸಿಲಿಂಡರ್ ಬೇಗ ಖಾಲಿಯಾಯ್ತು, ಎಲ್ಲೋ ಸೋರ್ತಿದೆ ಅಂದ್ಕೊಂಡಿದ್ದೆ."

"ಕೊನೇ ಸಲ ನೀನು ಪರೀಕ್ಷೆ ಮಾಡಿದ್ದು ಈ ಪರದೇಲಿ ಇದೆಯಾ?"

ಅವನು ಹುಡುಕಿ ತೋರಿಸಿದ. ಅತ್ತಿಗೆ ತುಂಬ ಹೊತ್ತು ನೋಡಿದರು. ನಾನೂ ನೋಡಿದೆ, ಹಳ್ಳ ಮತ್ತು ಮೇಜು ಕಂಡಿತು, ಇವನೇ ಕಳ್ಳ ಎಂದು ತೀರ್ಮಾನಿಸಿದೆ. ಅವನಿಗೆ ಬೆನ್ನು ತೋರಿಸಿ ಅತ್ತಿಗೆಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ನನ್ನತ್ತ ನೋಡಲೇ ಇಲ್ಲ.

ಶಾಲೆಯ ಶಿಕ್ಷಕರ ಕೋಣೆಯಲ್ಲಿ ಹೆಡ್‌ಮಿಸ್ಸು ಮೇಜಿಗೆ ಮೊಣಕೈ ಊರಿ ಕೂತಿದ್ದರು. ದಪ್ಪ ದನಿಯ, ಜೋರಾಗಿ ಮಾತಾಡುವ ಹೆಂಗಸು.

"ಡಬ್ಬ ನಮ್ಮದೇ, ಒಪ್ಕೋತೀನಿ. ಈ ಕಿಟಕಿ ಮೇಲೆ ಖಾಲಿ ಡಬ್ಬ ಸಾಲಾಗಿ ಇರುತ್ವೆ. ಯಾರು ಬೇಕಾದ್ರೂ ತಗೊಂಡು ಹೋಗಬಹುದು. ಲಾರಿ ಎಣಿಸೋಕೆ ಬಂದ ಸಲಹೆಗಾರರ ಕಡೆಯವರು ಒಂದು ವಾರ ಇಲ್ಲೇ ಕೂತಿದ್ರು. ದೊಡ್ಡ ಸಾಹೇಬ್ರು ಅಂತೂ ನಮ್ಮ ಟೀ ಕುಡಿದು ಬಿಸ್ಕತ್ತು ತಿಂದು ಹೊಗಳಿ ಹೋದ್ರು. ಪೇಂಟರ್‌ಗಳು ಬಂದಿದ್ರು, ಪೋಷಕರು ದಿನಾ ಬರ್ತಾರೆ. ನಾನು ಯಾರನ್ನ ಅಂತ ಹೇಳ್ಲಿ?"

ಅವರು ಎದ್ದು ಗೋಡೆಯ ಕಪಾಟು ತೆರೆದರು. ಕಪಾಟಿನ ತುಂಬ ಇನ್ಹೇಲರ್‌ಗಳು, ಒಂದೊಂದಕ್ಕೂ ಮಗುವಿನ ಹೆಸರು ಬರೆದ ಬಣ್ಣದ ಚೀಟಿ. ಕೆಲವದರ ಮೇಲೆ ಹೂವು, ಕಾರು, ಆನೆಯ ಚಿತ್ರ ಅಂಟಿಸಿದ್ದರು. "ನಾನು ಇಲ್ಲಿಗೆ ಬಂದಾಗ ಈ ಕಪಾಟಲ್ಲಿ ಬಣ್ಣದ ಸೀಮೆಸುಣ್ಣ ಇಡ್ತಿದ್ವಿ" ಎಂದರು. ಆಮೇಲೆ ಕಪಾಟಿನ ಬಾಗಿಲು ಮುಚ್ಚಿದರು. ನನ್ನ ಜೇಬಿನಲ್ಲಿದ್ದದ್ದೂ ಅದೇ ನೀಲಿ ಇನ್ಹೇಲರ್. ಅದನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಗೇಟಿನ ಬಳಿ ಗೋದಾಮಿನ ಯಜಮಾನನ ಜತೆ ದೊಡ್ಡ ಸಾಹೇಬರು ಎದುರಾದರು. ಬಿಳಿ ಕೂದಲು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗಾಳಿ ಮೇಡಂಳನ್ನು ಕಂಡು ಅವರ ಮುಖದಲ್ಲಿ ನಿಜವಾದ ನೋವು ಕಾಣಿಸಿತು.

"ಮಗಳೇ, ಒಪ್ಕೊಂಡುಬಿಡು. ಮಕ್ಕಳ ಮೇಲಿನ ಕನಿಕರಕ್ಕೆ ಹೀಗಾಯ್ತು ಅಂತ ಹೇಳು. ನಾನು ಅಧ್ಯಕ್ಷೆ ಹತ್ರ ಮಾತಾಡ್ತೀನಿ, ಬೇರೆ ವಿಭಾಗಕ್ಕೆ ಹಾಕಿಸ್ತೀನಿ" ಎಂದರು.

"ನಾನು ಮಾಡಿಲ್ಲ ಸರ್."

"ಹಾಗಾದ್ರೆ ಆ ಹುಡುಗ ಮೀಟರ್ ಮಾಡಿರ್ತಾನೆ. ನಿನ್ನ ಕೈಕೆಳಗಿನವನು ತಾನೆ?"

ಯಜಮಾನ ಗಡಿಯಾರ ನೋಡಿಕೊಂಡ. "ನನಗೆ ಇವೆಲ್ಲ ಗೊತ್ತಾಗಲ್ಲ ಸ್ವಾಮಿ. ಇಲ್ಲ ಅಂದ್ರೆ ಇಲ್ಲ ಅನ್ನಿ, ನಾನು ಹೆದ್ದಾರಿ ಪಕ್ಕ ಇನ್ನೊಂದು ಜಾಗ ನೋಡಿಟ್ಟಿದ್ದೀನಿ. ಇಲ್ಲೇ ಆಗುತ್ತೆ, ನನ್ನ ನಕ್ಷೇಲೇ ಇದೆ ಅಂತ ಹಿಡಿದು ಕೂರಿಸಿರೋರು ಇವರು."

ಅತ್ತಿಗೆ ಅವನನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಸಮಿತಿ ಅಧ್ಯಕ್ಷೆಗೆ ಫೋನ್ ಮಾಡಿದರು. "ತೀರ್ಮಾನಕ್ಕೆ ಮೊದಲು ಸ್ಥಳ ನೋಡೋ ಹಕ್ಕು ಸಮಿತಿಗಿದೆ ತಾನೆ? ಹಾಗಾದ್ರೆ ಸಭೆ ಕೋಣೇಲಿ ಬೇಡ, ಇಲ್ಲೇ ಬನ್ನಿ. ಎಲ್ಲರೂ ಇಲ್ಲೇ ಇದಾರೆ."

ಅಧ್ಯಕ್ಷೆ ಮೂಲತಃ ಹಲ್ಲಿನ ಡಾಕ್ಟರು. ಯಾರ ಬಾಯಿ ಎಷ್ಟು ಹೊತ್ತು ತೆರೆದಿರಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬಂದವರೇ, "ಬೇಗ ಮುಗಿಸಿ. ಇಲ್ಲಿ ನಿಂತರೆ ನನಗೇ ಕೆಮ್ಮು ಬರ್ತಿದೆ" ಎಂದರು. ಗೂಡಿನ ಸುತ್ತ ಕಾಲುದಾರಿಯಲ್ಲಿ ನಾವೆಲ್ಲ ಅರ್ಧಚಂದ್ರಾಕಾರವಾಗಿ ನಿಂತೆವು. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು, ಗೇಟಿನಾಚೆ ಇಂಜಿನ್ ಆರಿಸದೆ ಕಾರುಗಳು ಸಾಲುಗಟ್ಟಿದ್ದವು. ಗಾಳಿ ಮೇಡಂ ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡುತ್ತಿದ್ದಳು.

ಅತ್ತಿಗೆ ಡಬ್ಬವನ್ನು ಎತ್ತಿ ಹಿಡಿದರು. "ಮೊದಲು ಇದು. ಮೂವತ್ತು ವರ್ಷ ನಾನು ಸುಟ್ಟ ಸಾಮಾನು ನೋಡಿದೋಳು. ಇಷ್ಟು ಬಟ್ಟೆ ಈ ಡಬ್ಬದೊಳಗೆ ಉರಿದಿದ್ರೆ ಹೊರಗಿನ ಬಣ್ಣ ಬೊಬ್ಬೆ ಬಂದು ಸಿಪ್ಪೆ ಏಳಬೇಕಿತ್ತು. ಈ ಮಗುವಿನ ಕೆನ್ನೆ ನೋಡಿ, ಕೆಂಪಗಿದೆ. ಬಟ್ಟೆ ಬೇರೆಲ್ಲೋ ಸುಟ್ಟು ತಂದು ಇದರಲ್ಲಿ ತುಂಬಿದ್ದು. ಮೇಲಿನ ಟೋಪೀಲಿ ಮಸಿ ಇಲ್ಲ, ವಾಸನೆ ಇಲ್ಲ. ಮೈದುನ ಹತ್ತಿ ನೋಡಿದಾನೆ."

"ಹಾಗಾದ್ರೆ ಅಂಕಿ ಏರಿದ್ದು ಹೇಗೆ?" ಎಂದರು ಅಧ್ಯಕ್ಷೆ.

"ಹೊಗೆ ಬಂದಿದ್ರೆ ಧೂಳಿನ ಅಂಕಿಯೂ ಏರಬೇಕಿತ್ತು. ಏರಿಲ್ಲ. ಹೊಗೆ ಒಂದು ಕಡೆ ನಿಲ್ಲೋದೂ ಇಲ್ಲ, ಗೆರೆ ಅಲ್ಲಾಡಬೇಕಿತ್ತು. ಇಲ್ಲಿ ಗೆರೆ ಹಲಗೆ ಥರ ಸಪಾಟು. ಅದು ಗೂಡಿನೊಳಗಿನ ಸಿಲಿಂಡರಿನ ಅನಿಲ. ಡಬ್ಬ ಇಟ್ಟಿದ್ದು ನಿಮ್ಮ ಕಣ್ಣಿಗೆ ಮಣ್ಣೆರಚೋಕೆ."

ಎಲ್ಲರ ಕಣ್ಣೂ ಒಟ್ಟಿಗೇ ಮೀಟರ್‌ನತ್ತ ತಿರುಗಿದವು. ಅವನು ಒಂದು ಹೆಜ್ಜೆ ಹಿಂದೆ ಸರಿದು ಗೂಡಿನ ಬಾಗಿಲಿಗೆ ಆತುಕೊಂಡ. ನಾನು ಅವನು ಓಡಿದರೆ ಹಿಡಿಯಲೆಂದು ಕಾಲುದಾರಿಯ ಅಂಚಿಗೆ ಬಂದು ನಿಂತೆ.

"ನಾನು ಹೇಳಿದ್ನಲ್ಲ" ಎಂದರು ದೊಡ್ಡ ಸಾಹೇಬರು ಮೆಲ್ಲಗೆ.

"ನೀವು ಹೇಳಿದ್ರಿ. ಅಪ್ಪಾ ಮೀಟರ್, ಪರೀಕ್ಷೆ ಹೇಗೆ ಅಂತ ಎಲ್ಲರಿಗೂ ಮಾಡಿ ತೋರಿಸು. ಹೆದರಬೇಡ, ದಿನಾ ಮಾಡೋ ಹಾಗೇ ಮಾಡು" ಎಂದರು ಅತ್ತಿಗೆ.

ಅವನು ತೋಳು ಮಡಚಿ ಮುಂದೆ ಬಂದ. ಶುದ್ಧ ಗಾಳಿಯ ಕೊಳವೆ ಸಿಕ್ಕಿಸಿದ. ಪರದೆಯ ಮೇಲೆ ಗೆರೆ ಸೊನ್ನೆಗೆ ಇಳಿಯಿತು. ಸಿಲಿಂಡರಿನ ಕೊಳವೆ ಸಿಕ್ಕಿಸಿದ. ಗೆರೆ ಏರಿ ಸಪಾಟಾಯಿತು. ಅವನು ಸಿಲಿಂಡರಿನ ತಿರುಪು ಬಿಗಿದು, ಕೊಳವೆ ಕಳಚಿ, "ಮುಗೀತು" ಎಂದ.

"ಏನು ಮುಗೀತು?" ದೊಡ್ಡ ಸಾಹೇಬರಿಗೆ ತಡೆದುಕೊಳ್ಳಲಾಗಲಿಲ್ಲ. "ಕೊಳವೇಲಿ ಅನಿಲ ಉಳಿದಿರುತ್ತೆ ಕಣಯ್ಯ. ಮತ್ತೆ ಶುದ್ಧ ಗಾಳಿ ಊಡಿಸಿ ಸೊನ್ನೆಗೆ ತಂದು ಆಮೇಲೆ ಬಿಡಬೇಕು. ಇಲ್ಲಾಂದ್ರೆ ಮುಂದಿನ ಅಳತೆ ಕೆಡುತ್ತೆ. ಯಾರಪ್ಪ ನಿನಗೆ ಕಲಿಸಿದ್ದು?"

"ಕಂಪನಿಯವರು ಸಾರ್. ಎರಡನೇ ಸೊನ್ನೆ ಬೇಕಿಲ್ಲ ಅಂದ್ರು."

"ಕಂಪನಿಯವರಿಗೆ ಸಮಯ ಉಳಿಸೋ ಆತುರ. ನಾನು ಒಂದು ದಿನವೂ ಹಾಗೆ ಬಿಟ್ಟೋನಲ್ಲ."

"ನೀವು ಕೆಲಸ ಬಿಟ್ಟ ಮೇಲೆ ಈ ಊರಲ್ಲಿ ಇನ್ಯಾರಾದ್ರೂ ಹಾಗೆ ಮಾಡ್ತಾರಾ?" ಅತ್ತಿಗೆಯ ದನಿ ತೀರ ಮೃದುವಾಗಿತ್ತು.

"ಯಾರು ಮಾಡ್ತಾರೆ? ಇವಳು ಯಂತ್ರ ಮುಟ್ಟೋಳಲ್ಲ, ಯೋಜನೆಯ ಕಡೆಯೋಳು. ಇವನು ನೋಡಿದ್ರಲ್ಲ. ಆ ಶಿಸ್ತು ನನ್ನ ಜತೆಗೇ ಹೋಯ್ತು."

"ಹೋಗಿಲ್ಲ" ಎಂದರು ಅತ್ತಿಗೆ. "ಅಧ್ಯಕ್ಷೆಯವರೇ, ಪರದೆ ನೋಡಿ. ಇದು ಮೀಟರ್ ಹಿಂದೆ ಮಾಡಿದ ಪರೀಕ್ಷೆ. ಮೊದಲು ಸೊನ್ನೆ ಇದೆ, ಕೊನೇಲಿ ಇಲ್ಲ. ಇದು ಈಗ ತಾನೆ ಮಾಡಿದ್ದು, ಅದೇ ಥರ. ಈಗ ಅಂಕಿ ಹಾರಿದ ಬೆಳಗುಗಳನ್ನ ನೋಡಿ. ಮೊದಲು ಒಂದು ಸೊನ್ನೆ, ಕೊನೇಲಿ ಒಂದು ಸೊನ್ನೆ. ಒಂದು ಸಲವೂ ತಪ್ಪಿಲ್ಲ."

ದೊಡ್ಡ ಸಾಹೇಬರು ಪರದೆ ನೋಡಿದರು. ನೋಡುತ್ತಲೇ ನಿಂತರು. ಅವರ ಬಾಯಿ ತೆರೆದುಕೊಂಡಿತ್ತು, ಹಲ್ಲಿನ ಡಾಕ್ಟರಿಗೂ ಅದನ್ನು ಮುಚ್ಚಿಸಬೇಕೆನಿಸಲಿಲ್ಲ.

"ಸುಳ್ಳು ಅಂಕಿ ಹಾಕೋನಿಗೆ ಸೊನ್ನೆ ಯಾಕೆ ಬೇಕು? ಬೇಕಿಲ್ಲ. ನಿಮ್ಮ ತಲೆ ಮೋಸ ಮಾಡ್ತಿತ್ತು, ಕೈ ಮಾತ್ರ ಕಲಿತ ಕೆಲಸ ಮಾಡ್ತು. ನಮ್ಮ ಮೈದುನ ನಿಂತ ಗಾಡೀಲೂ ಕನ್ನಡಿ ಸರಿಮಾಡ್ತಾನೆ, ಹಾಗೆ. ಗಂಟೆಯ ಸರಾಸರೀಲಿ ಆ ಸೊನ್ನೆಗಳು ಮುಳುಗಿಹೋಗ್ತವೆ, ಅದಕ್ಕೇ ಯಾರಿಗೂ ಕಾಣಲಿಲ್ಲ" ಎಂದರು ಅತ್ತಿಗೆ. "ಮಕ್ಕಳ ಕಡೆಯವರು ಅಂಕಿ ಏರಿಸಿದ್ರೆ ಅದನ್ನ ಮುಚ್ಚಿಡ್ತಿದ್ರು. ಇಲ್ಲಿ ಮಾಡಿದವರಿಗೆ ಸಿಕ್ಕಿಬೀಳೋದೇ ಬೇಕಿತ್ತು. ಕೈವಾಡ ಸಾಬೀತಾದ್ರೆ ವರ್ಷದ ಅಂಕಿ ರದ್ದು ಅನ್ನೋ ನಿಯಮ ಬರೆದವರು ನೀವು. ಮೇಲೆ ಹತ್ತಿ ನೋಡಿ ಅಂದವರು ನೀವು. ಶಿಕ್ಷಕರ ಕೋಣೇಲಿ ಡಬ್ಬಗಳ ಪಕ್ಕ ಟೀ ಕುಡಿದವರು ನೀವು. ಬೀಗವೂ ನಿಮ್ಮ ಕಾಲದ್ದೇ, ಯಾರೂ ಬದಲಾಯಿಸಲಿಲ್ಲ."

ಗೋದಾಮಿನ ಯಜಮಾನ ಅವರಿಂದ ಎರಡು ಮಾರು ದೂರ ಸರಿದು ನಿಂತ. "ನಾನು ಇದನ್ನೆಲ್ಲ ಕೇಳಿರ್ಲಿಲ್ಲ ಸ್ವಾಮಿ" ಎಂದ. ಅದು ನಿಜವೆಂದು ನನಗೂ ಅನ್ನಿಸಿತು.

ದೊಡ್ಡ ಸಾಹೇಬರು ಪ್ಯಾಂಟಿನ ಜೇಬಿನಿಂದ ಕೀಲಿಗೊಂಚಲು ತೆಗೆದರು. ಸವೆದ ಹಿತ್ತಾಳೆಯ ಕೀಲಿಯೊಂದನ್ನು ಬಿಡಿಸಲು ಅವರಿಗೆ ತುಂಬ ಹೊತ್ತು ಹಿಡಿಯಿತು.

"ಯಾಕೆ ಸರ್?" ಎಂದಳು ಗಾಳಿ ಮೇಡಂ. ಅವಳು ಅಳುತ್ತಿದ್ದಳು. "ನಿಮ್ಮ ಮಗಳು ಅಂತಿದ್ರಲ್ಲ."

"ನಾನು ಆ ನಕ್ಷೆ ಬರೆದಾಗ ಈ ಬೀದೀಲಿ ಮನೆಗಳೇ ಇರ್ಲಿಲ್ಲ" ಎಂದರು ಅವರು. "ತುದೀಲಿ ಗೋದಾಮು ಬರಲಿ, ರಸ್ತೆ ಓಡಲಿ ಅಂತ ನಾನೇ ಗೆರೆ ಎಳೆದೆ. ಜೀವನವಿಡೀ ಮಾಡಿದ ಕೆಲಸ ಅದು. ನಾನೇ ತಂದಿಟ್ಟ ಯಂತ್ರ ನನ್ನ ನಕ್ಷೆ ತಪ್ಪು ಅಂತ ದಿನಾ ಅಂಕಿ ಬರೀತಿತ್ತು. ಸಹಿಸೋಕಾಗಲಿಲ್ಲ ಮಗು."

"ಅದೆಲ್ಲ ಪೊಲೀಸರ ಹತ್ರ" ಎಂದು ಅಧ್ಯಕ್ಷೆ ಕೆಮ್ಮಿದರು. "ಆದ್ರೆ ನನಗೆ ಒಂದು ತೊಂದರೆ ಉಳೀತು. ಯಾರೇ ಮಾಡಿರಲಿ, ಕೈವಾಡ ಕೈವಾಡವೇ. ಯಾವುದು ನಿಜವಾದ ಅಂಕಿ, ಯಾವುದು ಸುಳ್ಳು ಅಂತ ಬೇರ್ಪಡಿಸೋಕೆ ಆಗದಿದ್ರೆ ನಿಯಮದ ಪ್ರಕಾರ ವರ್ಷವಿಡೀ ರದ್ದು ಮಾಡಲೇಬೇಕು."

ಕಳ್ಳ ಸಿಕ್ಕಿದ್ದ, ಬೀದಿ ಮಾತ್ರ ಹೋಗುವುದರಲ್ಲಿತ್ತು. ಹೆಡ್‌ಮಿಸ್ಸು ಗೇಟಿನ ಸರಳು ಹಿಡಿದುಕೊಂಡರು.

"ಬೇರ್ಪಡಿಸೋಕೆ ಆಗುತ್ತೆ" ಎಂದರು ಅತ್ತಿಗೆ. "ಅವರೇ ಗುರುತು ಹಾಕಿಕೊಟ್ಟಿದಾರೆ. ಎರಡು ಸೊನ್ನೆಗಳ ನಡುವೆ ಇರೋದಷ್ಟೇ ಸುಳ್ಳು. ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು, ಎಲ್ಲ ನಿಮಿಷದ ಲೆಕ್ಕದಲ್ಲಿದೆ. ಅದನ್ನ ಕತ್ತರಿಸಿ ತೆಗೆದು ಸರಾಸರಿ ನೋಡಿ."

ಮೀಟರ್ ಪರದೆಯ ಮುಂದೆ ಕೂತ. ಅವನು ಒಂದೊಂದೇ ಬೆಳಗನ್ನು ಹುಡುಕಿ ಅಳಿಸುತ್ತ ಹೋದ. ಶಾಲೆಯ ಗಂಟೆ ಬಾರಿಸಿತು, ಮಕ್ಕಳ ಗದ್ದಲ ಅಂಗಳಕ್ಕೆ ಬಂತು. ಕೊನೆಯ ಮೇಜನ್ನು ಅಳಿಸಿ ಅವನು ಸರಾಸರಿಯ ಗುಂಡಿ ಒತ್ತಿದ.

ಅಂಕಿ ಮೊದಲಿಗಿಂತ ಇಳಿದಿತ್ತು. ಗಾಳಿ ಮೇಡಂ ಬಾಗಿ ನೋಡಿದಳು, ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದಳು. "ಮಿತಿಗಿಂತ ಮೇಲೇ ಇದೆ" ಎಂದಳು. "ಸ್ವಲ್ಪವೇ. ಆದ್ರೆ ಮೇಲೇ ಇದೆ."

"ಹಾಗಾದ್ರೆ ಇದು ಸಂರಕ್ಷಿತ ಬೀದಿ. ಅರ್ಜಿ ತಿರಸ್ಕೃತ" ಎಂದರು ಅಧ್ಯಕ್ಷೆ. ಗಾಳಿ ಕೆಟ್ಟಿದೆ ಎಂಬ ಸುದ್ದಿಗೆ ಜನ ಇಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೆಡ್‌ಮಿಸ್ಸು ನನ್ನ ಬೆನ್ನನ್ನೇ ಗುದ್ದಿದರು. ನಾನು ಮೀಟರ್‌ನ ಹತ್ತಿರ ಹೋಗಿ ಅವನ ಹೆಗಲು ತಟ್ಟಿದೆ. ಮನಸ್ಸಿನಲ್ಲಿ ಅವನನ್ನು ಕಳ್ಳ ಮಾಡಿದ್ದಕ್ಕೆ ಅಷ್ಟಾದರೂ ಸಲ್ಲಬೇಕಿತ್ತು.

ಪೊಲೀಸರು ಬರುವವರೆಗೆ ದೊಡ್ಡ ಸಾಹೇಬರು ಗೂಡಿನ ಪಕ್ಕದಲ್ಲೇ ನಿಂತಿದ್ದರು. ಮೀಟರ್ ಕಳಚಿ ಬಿಟ್ಟ ಕೊಳವೆ ಹಾಗೇ ತೂಗಾಡುತ್ತಿತ್ತು. ಅವರು ಅದನ್ನು ನೋಡಿದರು. ಆಮೇಲೆ ಯಾರನ್ನೂ ಕೇಳದೆ ಬಾಗಿ, ಶುದ್ಧ ಗಾಳಿಯ ಕೊಳವೆಯನ್ನು ಸಿಕ್ಕಿಸಿ, ಗೆರೆ ನಿಧಾನವಾಗಿ ಸೊನ್ನೆಗೆ ಇಳಿಯುವವರೆಗೆ ಕಾದರು. ಆ ಕೈ ಒಂದಿಷ್ಟೂ ನಡುಗಲಿಲ್ಲ. "ಈಗ ಸರಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಹಿತ್ತಾಳೆಯ ಕೀಲಿಯನ್ನು ಗಾಳಿ ಮೇಡಂಳ ಅಂಗೈಯಲ್ಲಿಟ್ಟರು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ನಾನೂ ಅತ್ತಿಗೆಯೂ ಕಾರಿಗೆ ಮರಳಿದೆವು. ಮಕ್ಕಳು ಗೇಟಿನಿಂದ ಹೊರಗೆ ಹರಿದು ಬರುತ್ತಿದ್ದರು, ಅವರೆಲ್ಲ ದಾಟಲಿ ಎಂದು ಇಂಜಿನ್ ಹಾಕದೆ ಕಾದೆ. ನನ್ನ ಕೈ ಕನ್ನಡಿಯತ್ತ ಹೋಗಿ ಅರ್ಧದಲ್ಲೇ ನಿಂತಿತು. ದೊಡ್ಡ ಸಾಹೇಬರ ಆ ಕೈ ನೆನಪಾಯಿತು. ಯಾಕೋ ನಾಚಿಕೆಯಾಯಿತು.

"ಮುಟ್ಟು, ಪರವಾಗಿಲ್ಲ" ಎಂದರು ಅತ್ತಿಗೆ. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಅಭ್ಯಾಸ ಒಳ್ಳೇದೇ. ಅವರದೂ ಒಳ್ಳೇದೇ ಆಗಿತ್ತು."

ನಾನು ಕನ್ನಡಿ ಸರಿಮಾಡಿದೆ. ಅದರಲ್ಲಿ ಗಾಳಿ ಮೇಡಂ ಹಳೆಯ ಬೀಗ ಹಾಕುತ್ತಿರುವುದು ಕಾಣಿಸಿತು.